ಹೊಸ ದಾರದ ಮೇಲೆ ಮೂರು ಬೆರಳು

ಬಿಲಿಯರ್ಡ್ಸ್ ಕ್ಲಬ್ಬಿನ ಹಿಂಬದಿಯ ಕೋಣೆಯಲ್ಲಿ ಆಟದ ಕೋಲುಗಳನ್ನು ರಿಪೇರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಕೋಲಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ವಿದ್ಯೆ. ಮರದ ವಿಷಯವನ್ನು ಅರೆದು ಕುಡಿದವಳು. ಕೋಲನ್ನು ಮೇಜಿನ ಮೇಲೆ ಉರುಳಿಸಿ, ತುದಿ ಕುಣಿದರೆ ಡೊಂಕು ಎನ್ನುವಳು. ಹಿಡಿಯ ಕರಿಮರದಲ್ಲಿ ಕೂಡಿಸಿದ ಬಿಳಿಮರದ ಚೂಪುಗಳೆಲ್ಲ ಒಂದೇ ಎತ್ತರವಿದ್ದರೆ, "ಇದು ಮಷೀನಿನ ಮಗು" ಎಂದು ನಗುವಳು. ಕೈಯಿಂದ ಕೊರೆದದ್ದಾದರೆ ಒಂದಾದರೂ ಕೂದಲೆಳೆಯಷ್ಟು ತಪ್ಪಿರಲೇಬೇಕು. ಆ ತಪ್ಪನ್ನು ಉಗುರಿನಿಂದ ಸವರುತ್ತ ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೆಲಸದಿಂದ ನಿವೃತ್ತರಾದ ಟೀಚರಮ್ಮ ಒಬ್ಬರು ಉದ್ದನೆಯ ಚರ್ಮದ ಪೆಟ್ಟಿಗೆ ತಂದರು.

"ನಮ್ಮೆಜಮಾನ್ರದ್ದು. ಅವರು ಹೋಗಿ ಒಂಬತ್ತು ವರ್ಷ ಆಯ್ತು. ಅವತ್ತಿಂದ ಬೀರುನಲ್ಲೇ ಇತ್ತು. ನಿಜವಾಗ್ಲೂ ಹಳೇದಾ, ನೋಡಿ ಹೇಳ್ತೀರಾ?"

ಕೋಲಕ್ಕ ಒಳಗಿದ್ದ ಕೋಲನ್ನು ತೆಗೆದು ಭೂತಗನ್ನಡಿ ಹಿಡಿದಳು. ತುದಿಯ ಆನೆದಂತದ ಪಟ್ಟಿಯಲ್ಲಿ ನವಿರಾದ ಗೆರೆಗಳಿದ್ದವು. ಪ್ಲಾಸ್ಟಿಕ್ಕಿನಲ್ಲಿ ಅವು ಬರುವುದಿಲ್ಲ. ನಾಲ್ಕು ಚೂಪುಗಳಲ್ಲಿ ಒಂದು ಗಿಡ್ಡ.

"ನೂರು ವರ್ಷಕ್ಕೆ ಕಮ್ಮಿ ಇಲ್ಲ ಟೀಚರಮ್ಮ. ಮಾಡಿದವನ ಕೈಗೆ ನಮಸ್ಕಾರ." ಹಿಡಿಗೆ ಸುತ್ತಿದ ದಾರವನ್ನು ಸವರಿ ಹುಬ್ಬು ಗಂಟಿಕ್ಕಿದಳು. "ನಿಮ್ಮೆಜಮಾನ್ರಿಗೆ ಉಂಗುರದ ಬೆರಳು ಇರ್ಲಿಲ್ವಾ?"

ಟೀಚರಮ್ಮ ತಟ್ಟನೆ ತಲೆಯೆತ್ತಿದರು. "ಯಾರು ಹೇಳಿದ್ರು ನಿಮಗೆ?"

"ದಾರ ಹೇಳ್ತು. ಮೂರು ಕಡೆ ಸವೆದಿದೆ. ನಡುವೆ, ಕಿರುಬೆರಳಿನ ಪಕ್ಕ, ಒಂದು ಜಾಗ ಹಾಗೇ ಉಳಿದಿದೆ."

ದಾರ ಜೀರ್ಣವಾಗಿತ್ತು. ಕೋಲಕ್ಕ ಅದನ್ನು ಬಿಚ್ಚಿ, ಹೊಸದನ್ನು ಬಿಗಿಯಾಗಿ ಸುತ್ತಿ, ಅಂಟು ಆರಲೆಂದು ಗೋಡೆಯ ಮೊಳೆಗೆ ನೇತುಹಾಕಿ, ಕೋಣೆಗೆ ಬೀಗ ಜಡಿದು ಹೋದಳು. ಬೀಗದ ಕೈ ಇದ್ದದ್ದು ಒಂದೇ, ಅವಳ ಹತ್ತಿರ.

ಮರುದಿನ ನೋಡಿದರೆ ಹೊಸ ದಾರ ಮೂರು ಕಡೆ ಚಪ್ಪಟೆಯಾಗಿತ್ತು. ನಡುವಿನ ಜಾಗ ಮಾತ್ರ ಉಬ್ಬಿಕೊಂಡೇ ಇತ್ತು. ತನ್ನದೇ ಕೈತಪ್ಪೆಂದು ಸಮಾಧಾನ ಮಾಡಿಕೊಂಡು, ಬಿಚ್ಚಿ ಮತ್ತೆ ಸುತ್ತಿದಳು. ಅದರ ಮರುದಿನವೂ ಅದೇ. ಈ ಸಲ ಮುಟ್ಟಿದಾಗ ದಾರ ಬೆಚ್ಚಗಿತ್ತು, ಯಾರೋ ಈಗಷ್ಟೇ ಕೈಬಿಟ್ಟಂತೆ.

ಟೀಚರಮ್ಮನನ್ನು ಕರೆಸಿ ಒಂದೂ ಮುಚ್ಚಿಡದೆ ಹೇಳಿದಳು. ಹೆದರುತ್ತಾರೆಂದುಕೊಂಡಿದ್ದಳು. ಅವರು ದಾರದ ತಗ್ಗುಗಳಲ್ಲಿ ತಮ್ಮ ಬೆರಳಿಟ್ಟು ನೋಡಿದರು.

"ಅವರು ತೀರಿಕೊಂಡ ತಿಂಗಳೇ ಆಟದ ಮೇಜು ಯಾರಿಗೋ ಕೊಟ್ಟುಬಿಟ್ಟೆ ಅಕ್ಕಾ, ಜಾಗ ಹಿಡಿಯುತ್ತೆ ಅಂತ. ಪಾಪ, ಎಲ್ಲಿ ಆಡ್ತಾರೆ?"

"ಹಾಗಾದ್ರೆ ಮನೆಗೆ ಕರ್ಕೊಂಡು ಹೋಗಿ," ಎಂದಳು ಕೋಲಕ್ಕ. 'ತಗೊಂಡು' ಎನ್ನಬೇಕಿತ್ತೆಂದು ಆಮೇಲೆ ಹೊಳೆಯಿತು. ತಿದ್ದಲು ಹೋಗಲಿಲ್ಲ.

ಕ್ಲಬ್ಬಿನವರು ಮೂಲೆಗೆ ತಳ್ಳಿದ್ದ ಹಳೆಯ ಮೇಜೊಂದನ್ನು ಟೀಚರಮ್ಮ ಮನೆಗೆ ಸಾಗಿಸಿಕೊಂಡರು. ತಿಂಗಳು ಕಳೆದ ಮೇಲೆ ಮನಸ್ಸು ತಡೆಯದೆ ಕೋಲಕ್ಕ ಫೋನ್ ಮಾಡಿದಳು.

"ಏನಾದ್ರೂ ತೊಂದ್ರೆ ಇದೆಯಾ?"

"ಏನಿಲ್ಲಪ್ಪ. ನಾನೂ ಆಟ ಕಲಿತೆ. ದಿನಾ ಮಧ್ಯಾಹ್ನ ಒಬ್ಬಳೇ ಆಡ್ತೀನಿ. ಬರೀ ಸೋಲೇ ನೋಡಿ!" ಅವರು ನಕ್ಕರು.

ಒಬ್ಬಳೇ ಆಡುವವಳು ಸೋಲುವುದು ಹೇಗೆಂದು ಕೇಳಲು ಕೋಲಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆಯಿಂದ ಚೆಂಡಿಗೆ ಚೆಂಡು ತಾಗಿದ ಸದ್ದು ಕೇಳಿಸಿತು.

"ಇಡ್ತೀನಿ ಅಕ್ಕಾ, ಈಗ ನನ್ನ ಸರದಿ," ಎಂದು ಟೀಚರಮ್ಮ ಫೋನಿಟ್ಟರು.