ಹರಿದ ಕಾರ್ಬನ್ ಹಾಳೆ

ಅರಸೀಕೆರೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿಯಿತ್ತು. ಅರವತ್ತರ ದಶಕದ ಒಂದು ಚುನಾವಣೆಗೆ ಮುಂಚೆ, ಸುಡು ಮಧ್ಯಾಹ್ನ, ಇಬ್ಬರು ಒಳಗೆ ಬಂದು ಚಿಲಕ ಹಾಕಿದರು. ಒಬ್ಬರು ಸಮಾಜವಾದಿ ವಕೀಲರು, ಇನ್ನೊಬ್ಬರು ಗಂಡಸಿ ಕಡೆಯ ಕಮ್ಯುನಿಸ್ಟ್ ರೈತ ಮುಖಂಡರು. ಆಳುವ ಪಕ್ಷದ ವಿರುದ್ಧ ಇಬ್ಬರೂ ಸೇರಿ ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸುವ ಗುಟ್ಟಿನ ಒಪ್ಪಂದ ಟೈಪಾಗಬೇಕಿತ್ತು.

ಎರಡು ಕಾಗದದ ನಡುವೆ ಕಪ್ಪು ಮಸಿಯ ಕಾರ್ಬನ್ ಹಾಳೆಯಿಟ್ಟು ಟೈಪು ಮಾಡಿ, ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟೆ. ವಕೀಲರು ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದರು. ಅದರಲ್ಲೂ ಒಪ್ಪಂದವೆಲ್ಲ ಓದಲು ಬರುತ್ತಿತ್ತು.

"ಇದು ನನ್ನ ಹತ್ರ ಇರಲಿ," ಎಂದರು.

"ಯಾಕೆ, ಆಳೋ ಪಕ್ಷದೋರಿಗೆ ತೋರ್ಸೋಕಾ?" ಎಂದು ರೈತ ಮುಖಂಡರು ರೇಗಿದರು.

"ಸುಟ್ಟುಬಿಡೋಣ್ವಾ?" ಎಂದೆ.

"ನಮ್ಮ ಕಾಗದ ಸುಡೋಕೆ ನೀವ್ಯಾರ್ರೀ? ಯಾರ ಕಡೆಯೋರು ನೀವು?" ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಅವರ ಮೈತ್ರಿಯನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಗಳಿಗೆ.

ಕೊನೆಗೆ ಹಾಳೆಯನ್ನು ಹರಿದು, ಅರ್ಧರ್ಧವನ್ನು ತಂತಮ್ಮ ಅಂಗಿ ಜೇಬಿಗಿಟ್ಟುಕೊಂಡರು. ಯಾರಿಗೂ ಅನುಮಾನ ಬರಬಾರದೆಂದು ಒಬ್ಬರು ಹೋಗಿ ಹತ್ತು ನಿಮಿಷದ ಮೇಲೆ ಇನ್ನೊಬ್ಬರು ಹೊರಟರು.

ಆಮೇಲೆ ಎದುರಿನ ಹೋಟೆಲಿಗೆ ಕಾಫಿಗೆ ಹೋದೆ. ಆಳುವ ಪಕ್ಷದ ತಾಲ್ಲೂಕು ಅಧ್ಯಕ್ಷರು ಬೀದಿ ನೋಡುತ್ತ ಕೂತಿದ್ದರು.

"ಇಬ್ಬರ ಬಿಳಿ ಜೇಬಿಗೂ ಬೆವರಿಗೆ ಕಪ್ಪು ಹತ್ತೈತೆ," ಎಂದು ನಕ್ಕರು. "ಏನ್ ಸ್ವಾಮಿ, ಎರಡೇ ಪ್ರತಿ ತೆಗೆದ್ರಾ? ನಮಗೊಂದು ಇಡ್ಲಿಲ್ವಾ?"