ಅಕ್ಕನ ಡೇರೆಯ ಬಾಗಿಲು

ಹೋದ ವರ್ಷ ಹಿರೇಬೆಂಡಿಗೇರಿಯ ಅಕ್ಕನ ಹೊಲದಲ್ಲಿ ಗೋವಿನಜೋಳದ ತೆನೆ ಒಕ್ಕುವ ರಾಶಿ ನಡೆದಿತ್ತು. ಅಕ್ಕನಿಗೆ ಕ್ಯಾನ್ಸರ್. ಅವಳನ್ನು ಕರೆದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಿ ಓಡಾಡಿ ನಾನು ಹಣ್ಣಾಗಿದ್ದೆ. ನಾನು ಕಲಿಸುವ ಶಾಲೆಗೆ ರಜೆ, ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಒಂದು ದಿನವಾದರೂ ಬಿದ್ದುಕೊಳ್ಳೋಣವೆಂದರೆ ಬೆಳಿಗ್ಗೆಯೇ ಅವಳ ಫೋನು.

"ಈ ಸಲದ ರಾಶಿ ನಾ ನೋಡಬೇಕ. ಕಾರ್ ತಗೊಂಡ್ ಬಾ."

ಬಿಸಿಲು, ಧೂಳು ಎರಡೂ ಕೂಡದೆಂದು ಡಾಕ್ಟರು ಹೇಳಿದ್ದರು. ಶಾಲೆಯ ಮಕ್ಕಳ ಶಿಬಿರಕ್ಕೆ ತರಿಸಿದ್ದ ಟೆಂಟು ನನ್ನ ಸುಪರ್ದಿನಲ್ಲಿತ್ತು. ಅದರಲ್ಲಿ ಮಲಗಿ ನೋಡಲಿ ಎಂದು ಒಯ್ದೆ. ಫೋನಿನ ವಿಡಿಯೋ ಪ್ರಕಾರ ಡೇರೆ ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ವಿಡಿಯೋದವನಿಗೆ ನಮ್ಮ ಕಪ್ಪು ಎರಿ ಮಣ್ಣೂ ಗೊತ್ತಿಲ್ಲ, ನಮ್ಮಕ್ಕನೂ ಗೊತ್ತಿಲ್ಲ.

ಮೊದಲು ನೆಲ ಹಸನು ಮಾಡಬೇಕು. ಕೊಯ್ದ ದಂಟಿನ ಬುಡಗಳು ಚುಚ್ಚಿದರೆ ಡೇರೆಯ ತಳ ಹರಿಯುತ್ತದೆ. ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಕಿತ್ತೆ. ಆಮೇಲೆ ತಳ ಹಾಸಿ, ಕಡ್ಡಿ ಜೋಡಿಸಿ, ಬಟ್ಟೆಯೊಳಗೆ ತೂರಿಸಿ, ಬಗ್ಗಿಸಿ ನಿಲ್ಲಿಸಬೇಕು. ಡೇರೆಯ ಬೆನ್ನು ಗಾಳಿಯ ಕಡೆಗಿರಬೇಕು, ಬಾಗಿಲು ಮರೆಗಿರಬೇಕು. ಕಾರಿನಲ್ಲಿ ಕೂತಿದ್ದ ಅಕ್ಕ ಗಾಜು ಇಳಿಸಿದಳು.

"ಬಾಗಲಾ ಮೂಡಲಕ್ಕ ಮಾಡ್ ಮತ್ತ."

"ಆ ಕಡಿಂದನ ಗಾಳಿ ಬೀಸಾಕತ್ತೈತಿ ಅಕ್ಕಾ. ಇದೇನ್ ಮನಿ ಅಲ್ಲ, ಟೆಂಟು."

"ಮನಶ್ಯಾರು ಮಲಗೂದು ಹೌದಿಲ್ಲೋ?"

ದನದ ಕೊಟ್ಟಿಗೆಗೂ ದಿಕ್ಕು ನೋಡಿದ ಹೆಂಗಸು ಅವಳು. ವಾದ ಮಾಡಲು ನನ್ನಲ್ಲಿ ತ್ರಾಣವಿರಲಿಲ್ಲ. ಮೂಡಲಕ್ಕೇ ಮಾಡಿದೆ. ಎರಿ ಮಣ್ಣಿನಲ್ಲಿ ಗೂಟಗಳು ಸಲೀಸಾಗಿ ಇಳಿದವು, ಖುಷಿಯಾಯಿತು. ಬಾಗಿಲಿನ ಜಿಪ್ ತೆಗೆದದ್ದೇ ತಡ, ಗಾಳಿ ಒಳನುಗ್ಗಿ, ಗೂಟಗಳು ಅಷ್ಟೇ ಸಲೀಸಾಗಿ ಕಿತ್ತುಬಂದು, ಟೆಂಟು ಹೊಲದ ಉದ್ದಕ್ಕೂ ಉರುಳಿತು. ರಾಶಿ ಮಷಿನ್ನಿನ ಹತ್ತಿರವಿದ್ದ ಅಕ್ಕನ ಗಂಡ ಓಡಿಹೋಗಿ ಹಿಡಿದರು. ಆಳುಗಳು ನಕ್ಕರು. ನನಗೆ ಅಳು ಬಂತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಾಕಾಗಿತ್ತು ನನಗೆ, ಟೆಂಟೊಂದೇ ಅಲ್ಲ, ಎಲ್ಲವೂ.

ಅಕ್ಕನ ಗಂಡ ಟೆಂಟು ತಂದು ನಿಲ್ಲಿಸಿ, ಸುತ್ತ ನಾಲ್ಕು ತುಂಬಿದ ಚೀಲ ಹಾಕಿಸಿದರು. "ಗೂಟಾ ಬ್ಯಾಡವ್ವಾ, ಇವಕ್ಕ ಹಗ್ಗಾ ಕಟ್ಟು" ಎಂದು ಮತ್ತೆ ಮಷಿನ್ನಿನ ಕಡೆ ಹೋದರು.

ಬಾಗಿಲಿನ ತಕರಾರು ಹಾಗೇ ಉಳಿಯಿತು. ಪಶ್ಚಿಮಕ್ಕೆ ಮಷಿನ್ನು, ಧೂಳು. ಉತ್ತರಕ್ಕೆ ರಸ್ತೆ. ಕೂದಲು ಉದುರಿದ ಮೇಲೆ ಅಕ್ಕ ಹೋಗಿಬರುವವರ ಕಣ್ಣಿಗೆ ಬೀಳಲು ಒಪ್ಪುತ್ತಿರಲಿಲ್ಲ. ಮೂಡಲಕ್ಕೇ ಇಟ್ಟು ಜಿಪ್ ಎಳೆದುಬಿಡುತ್ತೇನೆ, ಒಳಗೆ ಮಲಗು ಎಂದೆ. ಅವಳು ಕಾರಿನಿಂದ ಇಳಿದು ಅದರ ಬಾಗಿಲು ಹಿಡಿದು ನಿಂತಿದ್ದಳು.

"ಜಿಪ್ ಎಳದರ ನಾ ಏನ್ ನೋಡ್ಲಿ? ದಕ್ಷಿಣಕ್ಕ ಮಾಡು. ಹೊಲಾ, ಕಾಳಿನ ರಾಶಿ ಎಲ್ಲಾ ಕಾಣತೈತಿ."

ಯಮನ ದಿಕ್ಕೆಂದು ಆ ಕಡೆಗೆ ಮನೆಯಲ್ಲಿ ಒಂದು ಕಿಟಕಿಯನ್ನೂ ಇಡಗೊಡದವಳು! ಇದನ್ನೆಲ್ಲ ನಂಬುವವಳಲ್ಲ ನಾನು, ಇದಕ್ಕಾಗಿ ಅವಳ ಜೊತೆ ಎಷ್ಟೋ ಸಲ ಜಗಳಾಡಿದ್ದೇನೆ. ಈಗ ಹಗ್ಗ ಹಿಡಿದ ಕೈ ಮುಂದೆ ಹೋಗಲಿಲ್ಲ. ನನಗೆ ಹೆದರಿಕೆಯಾಯಿತು.

"ಬ್ಯಾಡಕ್ಕಾ. ಮೂಡಲಕ್ಕ ಇರ್ಲಿ" ಎಂದೆ.

"ಗಾಳಿ ಬರತೈತಿ ಅಂತ ನೀನ ಅಂದಿ" ಎನ್ನುತ್ತ ಅವಳೇ ಬಂದು ಟೆಂಟಿನ ಮೂಲೆ ಹಿಡಿದು ಎಳೆದಳು. ಅಷ್ಟು ಹಗುರಾದದ್ದನ್ನು ತಿರುಗಿಸಲೂ ಅವಳಿಗೆ ಆಗಲಿಲ್ಲ. ನಾನು ಇನ್ನೊಂದು ಮೂಲೆ ಹಿಡಿದೆ.