ಬಾಗಿಲ ಈಚೆ ಕುಳಿತ ಟೀಚರ್

ಹಾನಗಲ್ಲ ತಾಲೂಕಿನ ಕುಲಸುಮಬಿ ಟೀಚರ್, ಎಲ್ಲರ ಹಾಗೆ ಕಲಿಯಲಾಗದ ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗುವವರು. ಸದ್ದಿಗೆ ಬೆದರುವ ಮಕ್ಕಳೊಂದಿಗೆ ಅವರು ಹತ್ತಿದರೆ ಬಸ್ಸಿನ ಕಂಡಕ್ಟರನೂ ಸೀಟಿ ಮೆಲ್ಲಗೆ ಊದುತ್ತಾನೆ. ಅವರು ಬಂದ ದಿನ ಶಾಲೆಯ ಗಂಟೆಗೂ ಬಟ್ಟೆ ಸುತ್ತುತ್ತಾರೆ. ‘ಈ ಹುಡುಗಿಗೆ ಏನೂ ತಿಳಿಯಂಗಿಲ್ರಿ’ ಎಂದವರಿಗೆ, ‘ಅಕೀಗೆ ತಿಳೀತೈತ್ರಿ, ನಮಗ ಅಕಿ ತಿಳಿದಿಲ್ಲ’ ಎಂಬ ಒಂದೇ ಉತ್ತರ. ಆಡೂರಿನ ನೀಲಾಗೆ ಆಟಿಸಂ. ಯಾರು ಬಂದರೂ ಬಾಗಿಲ ಹಿಂದೆ ಅಡಗುತ್ತಿದ್ದಳು. ಟೀಚರ್ ಪ್ರತಿ ಮಂಗಳವಾರ ಹೋಗಿ ಬಾಗಿಲ ಈಚೆ ಕುಳಿತು, ಮಾತಿಲ್ಲದೆ ಗೋವಿನಜೋಳದ ಕಾಳು ಸಾಲಾಗಿ ಜೋಡಿಸಿ ಬರುತ್ತಿದ್ದರು. ಏಳನೆಯ ತಿಂಗಳಲ್ಲಿ ಬಾಗಿಲ ಸಂದಿಯಿಂದ ಪುಟ್ಟ ಕೈಯೊಂದು ಬಂದು ಸಾಲಿಗೊಂದು ಕಾಳು ಸೇರಿಸಿತು. ‘ಮಾತಾಡಸ್ರಿ ಟೀಚರ್’ ಎಂದು ಅವಳವ್ವ ಕರೆವ್ವ ಪಿಸುಗುಟ್ಟಿದಳು. ‘ಮಾತಾಡಾಕತ್ತೇವಲ್ರಿ’ ಎಂದ ಟೀಚರ್, ತಲೆಯೆತ್ತಿ ನೋಡುವ ಆಸೆಯನ್ನು ನುಂಗಿಕೊಂಡು, ಮುಂದಿನ ಕಾಳು ಇಟ್ಟರು.